ಹೆಸರಿನ ಪಕ್ಕ ಮೊಬೈಲ್ ನಂಬರ್ ಬೇಡ

ಕೆಂಚಾರ್ಲಹಳ್ಳಿ ಮತ್ತು ಸುತ್ತಿನ ಊರುಗಳ ಡೇರಿ, ರೈತ ಉತ್ಪಾದಕರ ಕಂಪನಿ, ದೇವಸ್ಥಾನ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ, ಸ್ತ್ರೀಶಕ್ತಿ ಸಂಘಗಳ ಪದಾಧಿಕಾರಿಗಳಿಗೆ. ಸಸಿ ನರ್ಸರಿ ನಡೆಸುವವರಿಗೆ. ಇವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಹುಡುಗ ಹುಡುಗಿಯರಿಗೆ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ವೆಬ್‌ಸೈಟಿನಲ್ಲಿ ‘ಪದಾಧಿಕಾರಿಗಳು’ ಅಂತ ಒಂದು ಪುಟ ಇರುತ್ತದಲ್ಲ, ಕ್ರಮ ಸಂಖ್ಯೆ, ಫೋಟೊ, ಹೆಸರು, ಹುದ್ದೆ, ಊರು, ಮೊಬೈಲ್, ಇಮೇಲ್ ಎಂದು ಸಾಲಾಗಿ ಕೋಷ್ಟಕ ಮಾಡಿ ಹಾಕಿರುವುದು, ಆ ಕೋಷ್ಟಕವನ್ನು ಒಡೆಯಿರಿ. ಹೆಸರು ಇರಲಿ. ಹುದ್ದೆ ಇರಲಿ. ಸಂಘವನ್ನು ಸಂಪರ್ಕಿಸಲು ಒಂದು ನಂಬರ್ ಕೂಡ ಖಂಡಿತ ಇರಲಿ. ಆದರೆ ಮನುಷ್ಯರ ಸ್ವಂತ ನಂಬರು ಅವರ ಹೆಸರಿನ ಪಕ್ಕದಲ್ಲಿ ಬೇಡ.

ಇದನ್ನು ಯಾರೂ ಕೆಟ್ಟ ಉದ್ದೇಶದಿಂದ ಹಾಕಿದ್ದಲ್ಲ ಅಂತ ಗೊತ್ತು. ಜಾತ್ರೆಯ ಕರಪತ್ರ, ಗೃಹಪ್ರವೇಶದ ಕಾರ್ಡು, ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸು, ಎಲ್ಲದರ ಕೆಳಗೂ ಹೆಸರು ಮತ್ತು ನಂಬರ್ ಅಚ್ಚು ಹಾಕಿಸಿ ನಮಗೆ ಅಭ್ಯಾಸ. ನಂಬರ್ ಇಲ್ಲದಿದ್ದರೆ ‘ನನ್ನ ಹೆಸರು ಸುಮ್ಮನೆ ಹಾಕಿದ್ದೀರಾ’ ಎಂದು ಮುನಿಸಿಕೊಳ್ಳುವವರೂ ಇದ್ದಾರೆ. ಅದೇ ಅಭ್ಯಾಸ ವೆಬ್‌ಸೈಟಿಗೂ ಬಂತು. ವ್ಯತ್ಯಾಸ ಇಷ್ಟೇ: ಕರಪತ್ರ ಚಿಂತಾಮಣಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಮಳೆಗಾಲ ಇರುತ್ತದೆ, ಅದನ್ನು ಓದುವವರು ನಮ್ಮ ತಾಲ್ಲೂಕಿನವರು. ವೆಬ್‌ಪುಟವನ್ನು ಓದುವವರಲ್ಲಿ ಮನುಷ್ಯರಲ್ಲದವರೂ ಇರುತ್ತಾರೆ.

ಆ ಓದುಗರ ಬಗ್ಗೆ ಸ್ವಲ್ಪ ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಪುಟದಿಂದ ಪುಟಕ್ಕೆ ಹಾರುತ್ತ ವಿಳಾಸಗಳನ್ನು ಹೆಕ್ಕುವುದೇ ಕೆಲಸವಾಗಿರುವ ಪ್ರೋಗ್ರಾಂಗಳಿವೆ, ‘ಬಾಟ್’ ಎಂದು ಅವನ್ನು ಕರೆಯುತ್ತಾರೆ. ಅವಕ್ಕೆ ನಿಮ್ಮ ಸಂಘ ಏನು ಮಾಡುತ್ತದೆ ಎಂಬುದು ಬೇಕಿಲ್ಲ. @ ಚಿಹ್ನೆಯ ಎರಡೂ ಬದಿಗೆ ಅಕ್ಷರಗಳಿದ್ದು, ಬಲಗಡೆ ಎಲ್ಲೋ ಒಂದು ಚುಕ್ಕಿ ಇದ್ದರೆ ಅದು ಇಮೇಲ್. 6, 7, 8 ಅಥವಾ 9ರಿಂದ ಶುರುವಾಗಿ ಒಟ್ಟು ಹತ್ತು ಅಂಕಿ ಸಾಲಾಗಿದ್ದರೆ ಅದು ಭಾರತದ ಮೊಬೈಲ್. ಈ ಎರಡು ಸೂತ್ರ ಬರೆಯಲು ಎರಡು ಸಾಲು ಸಾಕು. ನಮ್ಮ ಡಿಪ್ಲೊಮಾ ಹುಡುಗರು ಮೊದಲ ವರ್ಷದಲ್ಲೇ ಬರೆಯುತ್ತಾರೆ. ಮುಟ್ಟಿದರೆ ಕರೆ ಹೋಗುವಂತೆ, ಮುಟ್ಟಿದರೆ ಇಮೇಲ್ ತೆರೆಯುವಂತೆ ನೀವು ಕೊಂಡಿ ಹಾಕಿದ್ದರೆ ಆ ಪ್ರೋಗ್ರಾಂಗಳ ಕೆಲಸ ಇನ್ನೂ ಹಗುರ: ‘ಇದು ಫೋನ್ ನಂಬರು’ ಎಂದು ನೀವೇ ಚೀಟಿ ಅಂಟಿಸಿಟ್ಟ ಹಾಗೆ. ‘ವಾಟ್ಸ್‌ಆ್ಯಪ್ ಮಾಡಿ’ ಎಂಬ ಹಸಿರು ಗುಂಡಿಯ ಹಿಂದಿನ ಕೊಂಡಿಯಲ್ಲೂ ನಂಬರ್ ಪೂರ್ತಿ ಇರುತ್ತದೆ. ಪುಟದಲ್ಲಿ ಕಾಣದಿದ್ದ ಮಾತ್ರಕ್ಕೆ ಅಡಗಿದೆ ಎಂದುಕೊಳ್ಳಬೇಡಿ.

ಪಟ್ಟಿಯಿಂದಲೇ ಪೀಡೆ ಶುರುವಾಗುವುದು ಹೊಸದೇನಲ್ಲ. ಜಗತ್ತಿನ ಮೊದಲ ಸ್ಪ್ಯಾಮ್ (ಕೇಳದೆ ರಾಶಿ ರಾಶಿ ಬರುವ ಸಂದೇಶ) ಎಂದು ಕರೆಸಿಕೊಳ್ಳುವ ಸಂದೇಶ ಹೋದದ್ದು 1978ರ ಮೇ 3ರಂದು. ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬಾತ ತನ್ನ ಹೊಸ ಯಂತ್ರಗಳ ಪ್ರದರ್ಶನಕ್ಕೆ ಕರೆಯಲು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಟ್ಟಿಗೆ ಸಂದೇಶ ಹಾಕಿಸಿದ. ಅಷ್ಟು ವಿಳಾಸ ಸಿಕ್ಕಿದ್ದು ಆ ಜಾಲದ ಬಳಕೆದಾರರ ಅಚ್ಚಾದ ಡೈರೆಕ್ಟರಿಯಿಂದ. ಒಬ್ಬರಿಗೊಬ್ಬರು ಸುಲಭವಾಗಿ ಸಿಗಲಿ ಎಂದು ಒಳ್ಳೆಯ ಮನಸ್ಸಿನಿಂದ ಮಾಡಿದ್ದ ಪುಸ್ತಕ ಅದು. ಸಹೋದ್ಯೋಗಿಯೊಬ್ಬ ಅದನ್ನು ನೋಡಿಕೊಂಡು ವಿಳಾಸಗಳನ್ನು ಕೈಯಿಂದ ಟೈಪ್ ಮಾಡಿದ. ಈಗ ಟೈಪ್ ಮಾಡುವ ಶ್ರಮವೂ ಇಲ್ಲ.

ಅಮೆರಿಕದ್ದೇ ಒಂದು ಸಂಸ್ಥೆ, ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ, ಇದನ್ನು ಪರೀಕ್ಷೆ ಮಾಡಿ ನೋಡಿ 2003ರಲ್ಲಿ ವರದಿ ಕೊಟ್ಟಿತು. ಹೊಸ ಹೊಸ ಇಮೇಲ್ ವಿಳಾಸಗಳನ್ನು ಹುಟ್ಟಿಸಿ, ಕೆಲವನ್ನು ವೆಬ್‌ಪುಟಗಳಲ್ಲಿ ಬಹಿರಂಗವಾಗಿ ಇಟ್ಟು, ಕೆಲವನ್ನು ಬೇರೆ ಬೇರೆ ಕಡೆ ಕೊಟ್ಟು ಆರು ತಿಂಗಳು ಕಾದರು. ಬಂದ ಸ್ಪ್ಯಾಮಿನಲ್ಲಿ 97 ಪ್ರತಿಶತಕ್ಕೂ ಹೆಚ್ಚು ಬಂದದ್ದು ಸಾರ್ವಜನಿಕ ವೆಬ್‌ಪುಟಗಳಲ್ಲಿ ಇಟ್ಟ ವಿಳಾಸಗಳಿಗೆ. @ ಮತ್ತು ಚುಕ್ಕಿಯ ಬದಲು ‘ಅಟ್’, ‘ಡಾಟ್’ ಎಂದು ಬಿಡಿಸಿ ಬರೆದಿದ್ದ ವಿಳಾಸಗಳಿಗೆ ಒಂದೂ ಬರಲಿಲ್ಲ.

ನಮ್ಮ ಸರ್ಕಾರಿ ವೆಬ್‌ಸೈಟುಗಳಲ್ಲಿ ಇಮೇಲ್ ವಿಳಾಸದ ನಡುವೆ ಚೌಕ ಆವರಣ ಹಾಕಿ ‘ಅಟ್’, ‘ಡಾಟ್’ ಎಂದು ಬರೆದಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಇದು ಅದೇ ಕಾಲದ ಉಪಾಯ. ಆಗ ಕೆಲಸ ಮಾಡುತ್ತಿತ್ತು. ಇವತ್ತು ‘ಅಟ್’ ಅನ್ನು @ ಮಾಡಿಕೊಳ್ಳಲು ಹೆಕ್ಕುವವನಿಗೆ ಇನ್ನೊಂದೇ ಸಾಲು ಸಾಕು, ಆ ಸಾಲನ್ನು ಅವನು ಬರೆದು ಎಷ್ಟೋ ವರ್ಷವಾಯಿತು. ತೊಂದರೆ ಆಗುವುದು ಇನ್ನೊಬ್ಬರಿಗೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ತಹಶೀಲ್ದಾರರ ಕಚೇರಿಗೆ ಇಮೇಲ್ ಕಳಿಸಬೇಕೆಂದು ಸೈಬರ್ ಸೆಂಟರಿನಲ್ಲಿ ಕೂತ ಹಿರಿಯರೊಬ್ಬರು ಆ ಆವರಣಗಳನ್ನೂ ಸೇರಿಸಿಯೇ ಟೈಪ್ ಮಾಡುತ್ತಾರೆ. ಇಮೇಲ್ ಹೋಗುವುದಿಲ್ಲ. ‘ಅಟ್ ದ ರೇಟ್’ ಎಂದು ಬಾಯಲ್ಲಿ ಹೇಳಿ ಅಭ್ಯಾಸವಾದ ನಾಡಿನಲ್ಲಿ ಆವರಣದೊಳಗಿನ ‘ಅಟ್’ ಯಾರಿಗೆ ಅರ್ಥವಾಗಬೇಕು? ಕಳ್ಳ ದಾಟುವ, ಅರ್ಜಿದಾರ ಎಡವುವ ಹೊಸ್ತಿಲು ಇದು ಎನ್ನದೆ ವಿಧಿಯಿಲ್ಲ.

ಇನ್ನು ಕೆಲವರು ನಂಬರನ್ನು ಚಿತ್ರ ಮಾಡಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರ ಓದುವ ತಂತ್ರ ಈಗ ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲೂ ಇದೆ; ಓದಲಾಗದೆ ಉಳಿಯುವವರು ಕಣ್ಣು ಕಾಣದವರು, ಅವರ ಫೋನು ಪುಟವನ್ನು ಗಟ್ಟಿಯಾಗಿ ಓದಿಹೇಳುವಾಗ ಚಿತ್ರದ ಹತ್ತಿರ ಬಂದು ಅನೇಕ ಸಲ ಸುಮ್ಮನಾಗುತ್ತದೆ.

ಕನ್ನಡ ಅಂಕಿಗಳ ಉಪಾಯವನ್ನೂ ಒಬ್ಬ ಹುಡುಗ ನನಗೆ ಹೇಳಿದ್ದ. 98ರ ಬದಲು ೯೮ ಎಂದು ಬರೆದರೆ ಬಾಟ್‌ಗೆ ತಿಳಿಯುವುದಿಲ್ಲ, ಜೊತೆಗೆ ಕನ್ನಡವೂ ಉಳಿಯುತ್ತದೆ ಎಂದು. ಅಭಿಮಾನಕ್ಕೆ ನಮಸ್ಕಾರ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ‘ಅಂಕಿ’ ಎಂಬ ಗುರುತು ಕೊಟ್ಟು ಹುಡುಕಿದರೆ 0ಯಿಂದ 9 ಮಾತ್ರ ಸಿಗುವುದು ನಿಜ. ಆದರೆ ಅದೇ ಗುರುತನ್ನು ಪೈಥಾನ್ 3 ಎಂಬ ಇನ್ನೊಂದು ಭಾಷೆಯಲ್ಲಿ ಕೊಟ್ಟರೆ ಕನ್ನಡ, ತೆಲುಗು, ದೇವನಾಗರಿ ಅಂಕಿಗಳೆಲ್ಲ ಸಿಗುತ್ತವೆ, ಸಿಕ್ಕಿದ್ದನ್ನು ಇಂಗ್ಲಿಷ್ ಅಂಕಿ ಮಾಡಿಕೊಳ್ಳಲೂ ಅಲ್ಲಿ ಕಷ್ಟವಿಲ್ಲ. ಪುಟಗಳನ್ನು ಹೆಕ್ಕುವ ಪ್ರೋಗ್ರಾಂಗಳನ್ನು ಬಹಳ ಜನ ಬರೆಯುವುದು ಪೈಥಾನಿನಲ್ಲಿಯೇ. ಮನೆಯಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ ಓದು ಎಂದು ಬೆಳೆದ ನಮ್ಮ ಕಡೆಯ ಮಕ್ಕಳಲ್ಲಿ ೬ ಯಾವುದು ೯ ಯಾವುದು ಎಂದು ತಡಕಾಡುವವರು ಕಡಿಮೆಯಿಲ್ಲ. ಯಂತ್ರ ಓದಿಬಿಡುತ್ತದೆ, ಗಿರಾಕಿ ತಪ್ಪು ನಂಬರಿಗೆ ಕರೆ ಮಾಡುತ್ತಾನೆ.

ವೆಬ್‌ಸೈಟ್ ಮಾಡುವ ಹುಡುಗರಿಗೆ ಗೊತ್ತಿರುವ ಇನ್ನೊಂದು ದಾರಿ ಕ್ಲೌಡ್‌ಫ್ಲೇರ್‌ನದ್ದು. ಈ ಕಂಪನಿಯ ಹುಟ್ಟಿಗೂ ಸ್ಪ್ಯಾಮಿಗೂ ನಂಟಿದೆ. ಮ್ಯಾಥ್ಯೂ ಪ್ರಿನ್ಸ್ ಮತ್ತು ಲೀ ಹಾಲೊವೇ 2004ರಲ್ಲಿ ‘ಪ್ರಾಜೆಕ್ಟ್ ಹನಿಪಾಟ್’ ಶುರು ಮಾಡಿದರು: ಮನುಷ್ಯರ ಕಣ್ಣಿಗೆ ಬೀಳದ ಬೇಟೆ-ವಿಳಾಸಗಳನ್ನು ಪುಟಗಳಲ್ಲಿ ಹುದುಗಿಸಿಟ್ಟು, ಅವಕ್ಕೆ ಸ್ಪ್ಯಾಮ್ ಬಂದಾಗ ಆ ವಿಳಾಸವನ್ನು ಹೆಕ್ಕಿದವನು ಯಾವ ಕಂಪ್ಯೂಟರಿನಿಂದ ಬಂದಿದ್ದ ಎಂದು ಪತ್ತೆ ಹಚ್ಚುವ ವ್ಯವಸ್ಥೆ. ಅದೇ ಅನುಭವದಿಂದ ಮುಂದೆ ಕ್ಲೌಡ್‌ಫ್ಲೇರ್ ಬಂತು. ಅದರಲ್ಲಿ ಒಂದು ಆಯ್ಕೆ ಒತ್ತಿದರೆ ನಿಮ್ಮ ಪುಟದ ಇಮೇಲ್ ವಿಳಾಸ ಅರ್ಥವಿಲ್ಲದ ಅಕ್ಷರಸಾಲಾಗಿ ಹೋಗುತ್ತದೆ, ಓದುಗರ ಬ್ರೌಸರಿನಲ್ಲಿ ಮತ್ತೆ ವಿಳಾಸವಾಗುತ್ತದೆ. ಬೀಗದ ಕೈ ಎಲ್ಲಿದೆ ಗೊತ್ತೇ? ಅದೇ ಸಾಲಿನ ಮೊದಲ ಎರಡು ಅಕ್ಷರಗಳಲ್ಲಿ. ಮನಸ್ಸು ಮಾಡಿದವರು ಬಿಡಿಸಬಹುದು. ಆದರೂ ಸೋಮಾರಿ ಬಾಟ್‌ಗಳನ್ನು ಅದು ತಡೆಯುತ್ತದೆ, ಓದುಗನಿಗೆ ತೊಂದರೆಯನ್ನೂ ಕೊಡುವುದಿಲ್ಲ. ಇಮೇಲ್ ವಿಳಾಸ ಹಾಕಲೇಬೇಕಿದ್ದರೆ ಇದನ್ನು ಬಳಸಿ, ನನ್ನ ಆಕ್ಷೇಪವಿಲ್ಲ.

ಆಕ್ಷೇಪ ಇರುವುದು ಇದರಿಂದ ಕೆಲಸ ಮುಗಿಯಿತು ಎಂದುಕೊಳ್ಳುವುದಕ್ಕೆ. ಮೇಲೆ ಹೇಳಿದ ಉಪಾಯಗಳೆಲ್ಲ ವಿಳಾಸದ ಅಕ್ಷರಗಳನ್ನೋ ನಂಬರಿನ ಅಂಕಿಗಳನ್ನೋ ಮರೆಮಾಡುವುದಕ್ಕೆ ಹುಟ್ಟಿದವು. ನಮ್ಮ ಕಾಲದ ಅಪಾಯ ಅವುಗಳಲ್ಲಿ ಇಲ್ಲ.

ಲೆಕ್ಕ ಹಾಕಿ. 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಕಂಪ್ಯೂಟರಿಗೆ ಇದು ದೊಡ್ಡ ಸಂಖ್ಯೆಯೇ ಅಲ್ಲ, ಒಂದೊಂದಾಗಿ ಊಹಿಸಿಬಿಡಬಹುದು. 2025ರ ನವೆಂಬರಿನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಹೊರಗೆಡವಿದ್ದು ಇದನ್ನೇ: ‘ಈ ನಂಬರಿನಲ್ಲಿ ವಾಟ್ಸ್‌ಆ್ಯಪ್ ಇದೆಯೇ’ ಎಂದು ಯಂತ್ರದ ವೇಗದಲ್ಲಿ ಕೇಳುತ್ತ ಹೋಗಿ ಅವರು ಜಗತ್ತಿನ 350 ಕೋಟಿ ಖಾತೆಗಳ ನಂಬರ್ ಕಂಡುಹಿಡಿದರು. ಅತಿ ಹೆಚ್ಚು ಖಾತೆ ಸಿಕ್ಕಿದ್ದು ಭಾರತದಲ್ಲಿ, 75 ಕೋಟಿಯ ಹತ್ತಿರ. ಯಾವ ವೆಬ್‌ಪುಟವನ್ನೂ ಹೆಕ್ಕಬೇಕಾಗಲಿಲ್ಲ. ಅವರು ತಿಳಿಸಿದ ಮೇಲೆ ವಾಟ್ಸ್‌ಆ್ಯಪ್ ಆ ವೇಗಕ್ಕೆ ಕಡಿವಾಣ ಹಾಕಿತು.

ಅಂದರೆ ನಿಮ್ಮ ಡೇರಿ ಕಾರ್ಯದರ್ಶಿಯ ನಂಬರು ಮೋಸಗಾರನ ಕೈಯಲ್ಲಿ ಆಗಲೇ ಇದೆ ಎಂದೇ ಇಟ್ಟುಕೊಳ್ಳಿ. ಅವನಿಗೆ ಊಹಿಸಲು ಆಗದ್ದು ಒಂದೇ: ಆ ನಂಬರು ಯಾರದ್ದು. ಇಂಥ ಊರಿನವರು, ಇಂಥ ಸಂಘದಲ್ಲಿ ಇಂಥ ಹುದ್ದೆಯವರು, ಅಧ್ಯಕ್ಷರು ಇಂಥವರು, ನಿರ್ದೇಶಕರು ಇಂಥಿಂಥವರು. ಅದನ್ನು ಅವನಿಗೆ ಕೂಡಿಸಿ ಕೊಡುವುದು ನಿಮ್ಮ ಕೋಷ್ಟಕ.

‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಎಂದು ಗೊತ್ತಿಲ್ಲದ ಯಾರೋ ಕರೆ ಮಾಡಿದರೆ ನಮ್ಮವರು ಈಗ ಫೋನ್ ಇಟ್ಟುಬಿಡುತ್ತಾರೆ, ಅಷ್ಟು ಜಾಣತನ ಬಂದಿದೆ. ‘ನಮಸ್ಕಾರ ಕಾರ್ಯದರ್ಶಿಗಳೇ, ಹಾಲು ಯೂನಿಯನ್ ಆಫೀಸಿಂದ, ನಿಮ್ಮ ಅಧ್ಯಕ್ಷರ ಹತ್ತಿರ ಈಗ ತಾನೇ ಮಾತಾಡಿದೆ’ ಎಂದು, ಅಧ್ಯಕ್ಷರ ಹೆಸರು ಹಿಡಿದು ಕರೆ ಮಾಡಿದರೆ? ಅಥವಾ ಅಧ್ಯಕ್ಷರ ಫೋಟೊವನ್ನು ನಿಮ್ಮದೇ ಪುಟದಿಂದ ತೆಗೆದು ಹೊಸ ವಾಟ್ಸ್‌ಆ್ಯಪ್ ಖಾತೆಗೆ ಹಾಕಿಕೊಂಡು, ‘ಇದು ನನ್ನ ಇನ್ನೊಂದು ನಂಬರು, ಆಸ್ಪತ್ರೆಯಲ್ಲಿದ್ದೀನಿ, ಸ್ವಲ್ಪ ಹಣ ಹಾಕಿ’ ಎಂದು ನಿರ್ದೇಶಕರಿಗೆಲ್ಲ ಬರೆದರೆ? ಜಿಲ್ಲಾಧಿಕಾರಿಗಳ, ಪೊಲೀಸ್ ಅಧಿಕಾರಿಗಳ ಹೆಸರಿನಲ್ಲೇ ಇಂಥ ನಕಲಿ ಖಾತೆಗಳು ಹುಟ್ಟುತ್ತಿರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಮೋಸದ ಎಪಿಕೆ ಫೈಲನ್ನು (ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವ ಫೈಲನ್ನು) ಗೊತ್ತಿಲ್ಲದ ನಂಬರು ಕಳಿಸಿದರೆ ಒಬ್ಬ ರೈತ ಒತ್ತದೇ ಇರಬಹುದು. ರೈತ ಕಂಪನಿಯ ನಿರ್ದೇಶಕರ ಮುಖ ಕಾಣುವ ಖಾತೆಯಿಂದ ಬಂದರೆ ಒತ್ತುತ್ತಾನೆ.

ಚದುರಿದ ವಿವರಗಳು ಒಂದೇ ಕಡೆ ಸೇರಿದಾಗ ಏನಾಗುತ್ತದೆ ಎಂದು ಕರ್ನಾಟಕ 2023ರಲ್ಲಿ ನೋಡಿತು. ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಒಟಿಪಿ ಇಲ್ಲದೆ, ಕಾರ್ಡ್ ಇಲ್ಲದೆ ಹಣ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆರಳ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ, ಆಧಾರ್ ಮೂಲಕ ಹಣ ಕೊಡುವ ಯಂತ್ರದಲ್ಲಿ ಬಳಸಿದ್ದರು ಎಂದು ಪೊಲೀಸರು ಹೇಳಿದರು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಆಮೇಲೆ ಸೂಚನೆ ಬಂತು. ಕ್ರಯಪತ್ರ ಸಾರ್ವಜನಿಕ ದಾಖಲೆ, ಅದು ಜನರಿಗೆ ಸಿಗಬೇಕು, ಸರಿಯೇ. ಅದರ ಜೊತೆ ಬೆರಳೂ ಸಿಗಬೇಕಿರಲಿಲ್ಲ.

ಅದಕ್ಕೂ ಹಿಂದೆ, 2017ರ ಮೇನಲ್ಲಿ, ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಒಂದು ವರದಿ ಕೊಟ್ಟಿತ್ತು. ನಾಲ್ಕು ಸರ್ಕಾರಿ ಪೋರ್ಟಲುಗಳಲ್ಲಿ ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆ ಯಾರು ಬೇಕಾದರೂ ನೋಡುವಂತಿತ್ತು ಎಂಬುದು ಅದರ ಅಂದಾಜು. ಒಂದು ಪಿಂಚಣಿಯದ್ದು, ಒಂದು ನರೇಗಾದ್ದು, ಇನ್ನೆರಡು ನಮ್ಮ ಗಡಿಯಾಚೆಯ ಆಂಧ್ರದವು. ಯಾರೂ ಬೀಗ ಒಡೆದಿರಲಿಲ್ಲ. ‘ಪಾರದರ್ಶಕತೆ’ ಎಂಬ ಹೆಸರಿನಲ್ಲಿ ಇಲಾಖೆಗಳೇ ಇಟ್ಟಿದ್ದವು.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ನನ್ನ ಪತ್ರವನ್ನು ತಪ್ಪು ಜನ ಬಳಸಿಕೊಳ್ಳುತ್ತಾರೆ. ಖಾಸಗಿತನದ ನೆಪ ಹೇಳಿ ಫಲಾನುಭವಿಗಳ ಪಟ್ಟಿಯನ್ನೇ ಮುಚ್ಚಿಡುವುದು ಕೆಲವರಿಗೆ ಬಹಳ ಅನುಕೂಲ. ಮನೆ ಯಾರಿಗೆ ಮಂಜೂರಾಯಿತು, ಕೂಲಿ ಯಾರ ಹೆಸರಿಗೆ ಹೋಯಿತು, ಕೃಷಿ ಹೊಂಡದ ಸಬ್ಸಿಡಿ ಯಾರು ಪಡೆದರು ಎಂಬುದು ಊರಿಗೆ ಗೊತ್ತಾಗಲೇಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು, ಅಧಿಕಾರಿ ಮತ್ತು ನೌಕರರ ಡೈರೆಕ್ಟರಿಯನ್ನು ತಾನಾಗಿ ಪ್ರಕಟಿಸಬೇಕು ಎನ್ನುತ್ತದೆ. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಸಾಮಾಜಿಕ ಪರಿಶೋಧನೆಯಲ್ಲಿ ಸಿಕ್ಕಿಬೀಳುವುದು ಹೆಸರು ಬಹಿರಂಗವಾಗಿರುವುದರಿಂದಲೇ. ಹೆಸರು, ಊರು, ಮೊತ್ತ ಇರಲಿ. ಮೊಬೈಲ್ ನಂಬರು, ಬ್ಯಾಂಕ್ ಖಾತೆ, ಆಧಾರ್ ಬೇಡ. ಪರಿಶೋಧನೆಗೆ ಆ ಮೂರರಿಂದ ಪ್ರಯೋಜನವೂ ಇಲ್ಲ. ಹೀಗೆ ಬೇರ್ಪಡಿಸಲು ಎಕ್ಸೆಲ್‌ನಲ್ಲಿ ಮೂರು ಕಾಲಂ ಅಳಿಸಿದರಾಯಿತು. ಅಳಿಸದೆ ಮರೆಮಾಡಿ, ಅದೇ ಫೈಲನ್ನು ವೆಬ್‌ಸೈಟಿಗೆ ಹಾಕುವವರೂ ಇದ್ದಾರೆ. ಮರೆಮಾಡಿದ ಕಾಲಂ ಒಂದು ಕ್ಲಿಕ್ಕಿಗೆ ಮತ್ತೆ ಬರುತ್ತದೆ.

ಕಾನೂನು ನಮ್ಮನ್ನು ಕಾಪಾಡುತ್ತದೆಯೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಆ ತೀರ್ಪಿನ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ಕಾಯ್ದೆಯ 3ನೇ ಕಲಂ ಓದಿ ನೋಡಿ. ಒಬ್ಬ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ತನ್ನ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನೀವೇ ನಿಮ್ಮ ನಂಬರನ್ನು ಜಗತ್ತಿಗೆ ಸಾರಿದ್ದರೆ, ಅದನ್ನು ಹೆಕ್ಕಿಕೊಂಡವನ ಮೇಲೆ ಈ ಕಾಯ್ದೆ ಹಿಡಿದು ಹೋಗಲು ದಾರಿಯಿಲ್ಲ. ಇನ್ನೊಬ್ಬರ ನಂಬರನ್ನು ಅವರ ಒಪ್ಪಿಗೆ ಇಲ್ಲದೆ ನಿಮ್ಮ ಸಂಘ ಹಾಕಿದ್ದರೆ? ಆಗ ಹೊಣೆ ತಿರುಗಿ ಸಂಘದ ತಲೆಗೇ ಬರುತ್ತದೆ. ಎರಡೂ ಕಡೆಯಿಂದ ನಷ್ಟ ನಮಗೇ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮಗಳೂ ಇವೆ, 1909ಕ್ಕೆ ದೂರು ಕೊಡಬಹುದು, ಕೊಡಿ. ಸೈಟು, ಸಾಲ, ಇನ್ಶೂರೆನ್ಸ್ ಮಾರುವವರ ಕಾಟ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಹಣ ಹೊಡೆಯಲೆಂದೇ ಕರೆ ಮಾಡುವವನು ನೀವು ಡಿಎನ್‌ಡಿ (ಇಂಥ ಕರೆ ಬೇಡ ಎಂದವರ) ಪಟ್ಟಿಯಲ್ಲಿದ್ದೀರಾ ಎಂದು ನೋಡಿ ಕರೆ ಮಾಡುವುದಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಇವರ ಹೆಸರು, ಊರು, ಮೊಬೈಲ್ ಇರುವ ಪಿಡಿಎಫ್ ಪಟ್ಟಿಗಳು ಎಲ್ಲಿ ಹುಡುಕಿದರೂ ಸಿಗುತ್ತವೆ. ಯಾವುದೋ ತರಬೇತಿಗೆ, ಯಾವುದೋ ಸಾಲಮೇಳಕ್ಕೆ ಮಾಡಿದ ಪಟ್ಟಿ. ಕೆಲಸ ಮುಗಿದ ಮೇಲೂ ಅಲ್ಲೇ ಬಿದ್ದಿರುತ್ತದೆ. ಗಂಡಸರ ನಂಬರ್ ಸೋರಿದರೆ ಸಾಲ ಬೇಕಾ ಎಂಬ ಕರೆ ಬರುತ್ತದೆ. ಹೆಂಗಸರ ನಂಬರ್ ಸೋರಿದರೆ ರಾತ್ರಿ ಹತ್ತರ ಮೇಲೆ ಕರೆ ಬರುತ್ತದೆ, ಬರಬಾರದ ಚಿತ್ರ ಬರುತ್ತದೆ. ಆಕೆ ಮನೆಯಲ್ಲಿ ಹೇಳಿಕೊಂಡರೆ ‘ನಿನ್ನ ನಂಬರ್ ಅವನಿಗೆ ಯಾಕೆ ಕೊಟ್ಟೆ’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಕೊಟ್ಟದ್ದು ಆಕೆಯಲ್ಲ ಎಂದು ವಾದಿಸುವವರು ಅಲ್ಲಿ ಯಾರೂ ಇರುವುದಿಲ್ಲ. ಕೊನೆಗೆ ಸಿಮ್ ಬದಲಾಯಿಸುತ್ತಾಳೆ ಅಥವಾ ಫೋನು ಗಂಡನ ಕೈಗೆ ಹೋಗುತ್ತದೆ. ಸಂಘ ಕಟ್ಟಿ, ಬ್ಯಾಂಕಿನ ಮೆಟ್ಟಿಲು ಹತ್ತಿ ಸಂಪಾದಿಸಿದ ಒಂದಿಷ್ಟು ಸ್ವಾತಂತ್ರ್ಯ ನಿಮ್ಮ ಒಂದು ಪಿಡಿಎಫ್‌ನಿಂದ ಹೋಗಬೇಕೆ?

ಹಾಗಾದರೆ ನಂಬರೇ ಹಾಕಬಾರದೇ ಎಂದು ನರ್ಸರಿಯವರು ಕೇಳುತ್ತಾರೆ. ಕೇಳಬೇಕಾದ್ದೇ. ಟೊಮೆಟೊ ಸಸಿ ಬೇಕಾದವನಿಗೆ ಇವತ್ತೇ ಬೇಕು. ನಂಬರ್ ಸಿಗದಿದ್ದರೆ ಮದನಪಲ್ಲಿ ದಾರಿಯ ಇನ್ನೊಂದು ನರ್ಸರಿಗೆ ಹೋಗುತ್ತಾನೆ. ಇದಕ್ಕಿಂತ ದೊಡ್ಡ ಅಪಾಯವೂ ಒಂದಿದೆ. ನಿಮ್ಮ ನಿಜವಾದ ನಂಬರು ಎಲ್ಲೂ ಇಲ್ಲದಿದ್ದರೆ ಆ ಜಾಗದಲ್ಲಿ ಮೋಸಗಾರ ತನ್ನ ನಂಬರ್ ಇಡುತ್ತಾನೆ. ಬ್ಯಾಂಕು, ಕೊರಿಯರ್, ಗ್ಯಾಸ್ ಏಜೆನ್ಸಿಗಳ ‘ಕಸ್ಟಮರ್ ಕೇರ್’ ಎಂದು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಸುಳ್ಳು ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡವರ ಕಥೆ ಹೊಸತಲ್ಲ. ಆದ್ದರಿಂದ ಒಂದು ನಂಬರು ಇರಲೇಬೇಕು, ಸ್ಪಷ್ಟವಾಗಿ, ಮುಟ್ಟಿದರೆ ಕರೆ ಹೋಗುವಂತೆ, ಯಾವ ಆವರಣ, ಚಿತ್ರ, ಒಗಟು ಇಲ್ಲದೆ ಇರಬೇಕು. ಅದು ಸಂಘದ ನಂಬರಾಗಿರಬೇಕು, ಅಷ್ಟೇ.

ಇದಕ್ಕೆ ಮಾದರಿ ದೂರ ಹುಡುಕಬೇಕಿಲ್ಲ. ನಮ್ಮ ಕೆಂಚಾರ್ಲಹಳ್ಳಿಯಲ್ಲೇ ಪೊಲೀಸ್ ಠಾಣೆ ಇದೆ. ರಾಜ್ಯದ ಠಾಣಾಧಿಕಾರಿಗಳ ಮೊಬೈಲ್ ನಂಬರುಗಳನ್ನು ಗಮನಿಸಿ, 94808 ಎಂದು ಶುರುವಾಗುವವೇ ಹೆಚ್ಚು. ಅವು ಹುದ್ದೆಗೆ ಸೇರಿದ ನಂಬರುಗಳು. ಸಬ್ ಇನ್‌ಸ್ಪೆಕ್ಟರ್ ವರ್ಗವಾಗಿ ಬೇರೆ ಊರಿಗೆ ಹೋದರೆ ನಂಬರು ಇಲ್ಲೇ ಉಳಿಯುತ್ತದೆ, ಮುಂದೆ ಬಂದವರು ಎತ್ತಿಕೊಳ್ಳುತ್ತಾರೆ. ಬೆಸ್ಕಾಂ ಸೆಕ್ಷನ್ ಆಫೀಸಿನದ್ದೂ ಅದೇ ಪದ್ಧತಿ. ಕರೆಂಟ್ ಹೋದಾಗ ನಾವು ಕರೆ ಮಾಡುವುದು ಹುದ್ದೆಗೆ. ಆ ಇಂಜಿನಿಯರ್ ಮನೆಗೆ ಹೋಗಿ ಮಗುವಿನ ಜೊತೆ ಕೂತಾಗ ಹಿಡಿಯುವ ಫೋನು ಬೇರೆ. ಜನರಿಗೂ ಇದೇ ಅನುಕೂಲ. ಐದು ವರ್ಷದ ಹಿಂದಿನ ಗೋಡೆಬರಹದ ನಂಬರಿಗೆ ಕರೆ ಮಾಡಿದರೂ ಸರಿಯಾದ ಜಾಗಕ್ಕೆ ಹೋಗುತ್ತದೆ.

ನಿಮ್ಮ ಸಂಘಕ್ಕೂ ಒಂದು ಸಿಮ್ ಕೊಳ್ಳಿ. ಸಂಘದ ದಾಖಲೆ ಕೊಟ್ಟು ಸಂಘದ ಹೆಸರಿನಲ್ಲೇ ಕೊಂಡರೆ ಉತ್ತಮ. ಚಾರ್ಜ್ ಕೊಡುವಾಗ ನಗದು ಪುಸ್ತಕ, ಮೊಹರು, ಚೆಕ್ ಪುಸ್ತಕದ ಜೊತೆ ಸಿಮ್ ಕೂಡ ಪಟ್ಟಿಯಲ್ಲಿ ಬರಲಿ. ಆ ನಂಬರಿಗೆ ಬ್ಯಾಂಕ್ ಖಾತೆಯ ಒಟಿಪಿ ಮಾತ್ರ ಜೋಡಿಸಬೇಡಿ. ಗೋಡೆಯ ಮೇಲೆ ಬರೆಯುವ ನಂಬರು ಒಂದು, ಒಟಿಪಿ ಬರುವ ನಂಬರು ಇನ್ನೊಂದು ಇರಬೇಕು. ಇಮೇಲ್ ಕೂಡ ಹಾಗೆಯೇ: ಕಾರ್ಯದರ್ಶಿಯ ಹೆಸರು, ಹುಟ್ಟಿದ ವರ್ಷ ಸೇರಿಸಿದ ಜಿಮೇಲ್ ಬೇಡ, ಹುದ್ದೆಯ ಹೆಸರಿನದ್ದಿರಲಿ. ಆ ಪೆಟ್ಟಿಗೆಗೆ ಸ್ಪ್ಯಾಮ್ ಬಂದೇ ಬರುತ್ತದೆ. ಬರಲಿ. ತುಂಬಿಹೋದರೆ ವಿಳಾಸ ಬದಲಾಯಿಸಬಹುದು. ಒಬ್ಬ ಮನುಷ್ಯನ ಹತ್ತು ವರ್ಷದ ವಿಳಾಸವನ್ನು ಹಾಗೆ ಬದಲಾಯಿಸಲಾಗದು.

ಫಾರಂ ಹಾಕಿ ‘ನಿಮ್ಮ ಸಂದೇಶ ಬರೆಯಿರಿ’ ಎನ್ನುವವರಿಗೆ ಒಂದೇ ಮಾತು. ಅದನ್ನು ಓದುವವರು ಇದ್ದರೆ ಮಾತ್ರ ಹಾಕಿ. ಬಾಟ್‌ಗಳನ್ನು ತಡೆಯಲು ಟ್ರಾಫಿಕ್ ಸಿಗ್ನಲ್ ಚಿತ್ರ ಗುರುತಿಸುವ ಪರೀಕ್ಷೆ ಇಟ್ಟು ನಮ್ಮ ಅಜ್ಜಂದಿರನ್ನು ಸತಾಯಿಸಬೇಡಿ. ಕಣ್ಣಿಗೆ ಕಾಣದ ಒಂದು ಖಾಲಿ ಚೌಕ ಫಾರಂನಲ್ಲಿ ಇಟ್ಟರೆ ಯಂತ್ರ ಅದನ್ನೂ ತುಂಬುತ್ತದೆ, ತುಂಬಿದ್ದನ್ನು ಕಸಕ್ಕೆ ಹಾಕಬಹುದು. ಓದಿಹೇಳುವ ಫೋನು ಬಳಸುವವರಿಗಾಗಿ ‘ಇದನ್ನು ಖಾಲಿ ಬಿಡಿ’ ಎಂದು ಅಲ್ಲಿ ಬರೆದಿರಲಿ. ಮಾಡುವ ಹುಡುಗರಿಗೆ ಅರ್ಧ ಗಂಟೆಯ ಕೆಲಸ.

‘ಹೇಗೂ ನಂಬರ್ ಹೋಗಿಯಾಗಿದೆ, ಈಗ ತೆಗೆದು ಏನು ಪ್ರಯೋಜನ’ ಎಂಬ ಮಾತೂ ಬರುತ್ತದೆ. ಇಂಟರ್‌ನೆಟ್ ಆರ್ಕೈವ್ ಹಳೆಯ ಪುಟಗಳ ಪ್ರತಿ ಇಟ್ಟುಕೊಂಡಿರುತ್ತದೆ, ಗೂಗಲ್ ಸ್ವಲ್ಪ ಕಾಲ ತೋರಿಸುತ್ತಲೇ ಇರುತ್ತದೆ, ನಿಜ. ಆದರೂ 2003ರ ಆ ಪರೀಕ್ಷೆಯಲ್ಲೇ ಪುಟದಿಂದ ತೆಗೆದ ವಿಳಾಸಗಳಿಗೆ ಬರುವ ಸ್ಪ್ಯಾಮ್ ಇಳಿದದ್ದು ಕಂಡಿತ್ತು. ಹೆಕ್ಕುವವರಿಗೆ ಹಳಸಿದ ಪಟ್ಟಿಗಿಂತ ಇವತ್ತಿನ ಪಟ್ಟಿ ಬೇಕು. ಇಂಟರ್‌ನೆಟ್ ಆರ್ಕೈವ್‌ಗೆ ಬರೆದು ಪುಟ ತೆಗೆಸಲು, ಗೂಗಲ್‌ಗೆ ಅರ್ಜಿ ಹಾಕಿ ಹುಡುಕಾಟದ ಫಲಿತಾಂಶದಿಂದ ಫೋನ್ ನಂಬರ್ ಇಳಿಸಲು ಕೇಳಲು ಅವಕಾಶವಿದೆ.

ನಿಮ್ಮಲ್ಲಿ ವೆಬ್‌ಸೈಟ್ ಮಾಡುವವರಿಗೆ ಕೊನೆಯದಾಗಿ ಒಂದು ವಿನಂತಿ. ಸಂಘದವರು ಕೊಟ್ಟ ಪಟ್ಟಿಯನ್ನು ಹಾಗೇ ಏರಿಸಬೇಡಿ. ‘ಅಣ್ಣಾ, ಇದರಲ್ಲಿ ಎಲ್ಲರ ಸ್ವಂತ ನಂಬರ್ ಇದೆ, ಹಾಕೋದು ಬೇಡ, ಆಫೀಸಿಂದು ಒಂದು ಕೊಡಿ’ ಎಂದು ಹೇಳಿ. ಅವರಿಗೆ ಇದು ಹೊಳೆದಿರುವುದಿಲ್ಲ, ನಿಮಗೆ ಗೊತ್ತಿದೆ. ದುಡ್ಡು ಕೊಡುವವರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಸುಮ್ಮನಿರಬೇಡಿ.

ಸಂಘದವರು ಈ ತಿಂಗಳ ಸಭೆಯ ಅಜೆಂಡಾದಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ. ಮೊದಲು ಹೆಣ್ಣುಮಕ್ಕಳ ನಂಬರಿರುವ ಪಟ್ಟಿಗಳನ್ನು ಇಳಿಸಿ, ಅದಕ್ಕೆ ಸಭೆಯ ತನಕವೂ ಕಾಯಬೇಡಿ. ಹಳೆಯ ಪಿಡಿಎಫ್‌ಗಳನ್ನು ಮರೆಯಬೇಡಿ. ಸಂಘದ ಸಿಮ್ ಬಂದ ದಿನ ಉಳಿದವರ ನಂಬರು ತೆಗೆದು ಅದನ್ನು ಹಾಕಿ. ಇಷ್ಟರ ನಡುವೆ ಯಾರಾದರೂ ಹಣ ಕಳೆದುಕೊಂಡರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಲಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹೋಗಿಬಿಡುತ್ತದೆ.

ಇಂತಿ ನಿಮ್ಮ ನೆರೆಯವ,
ಕೆಂಚಾರ್ಲಹಳ್ಳಿ